ಮುಖ ತಿರುಗಿಸುವ ಊರಿನಿಂದ

ಹಿನ್ನೀರೂರು, ಮೂರನೆಯ ತೇಲೋಣಿ
ಫೆಬ್ರವರಿ ಮೂವತ್ತು, ೨೨೧೯

ನಮಗಿಂತ ಮೊದಲು ಈ ನೆಲದ ಮೇಲೆ, ಅಂದರೆ ಈಗಿನ ನೀರಿನ ಕೆಳಗೆ, ಬಾಳಿದ ಹಿರಿಯರಿಗೆ ಫಕೀರವ್ವ ತೆಪ್ಪದ ಎಂಬವಳು ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನ ಇರಲಿಲ್ಲವೆಂದು ಬಲ್ಲೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಕೂಡಿಹಾಕಿ, ಮನೆಯ ಅಡಿಯ ಡ್ರಮ್ಮುಗಳ ಪಾಚಿ ಕೆರೆಯಲು ಇಟ್ಟುಕೊಂಡಿದ್ದೇವೆ. ನಿಮ್ಮಲ್ಲಿ ಇಲ್ಲದ ದಿನ ಬರೆದ ಪತ್ರ ನಿಮಗೆ ತಲುಪುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಇಂಥ ಪತ್ರಕ್ಕೆ ಹಿಂದೋಲೆ ಎನ್ನುತ್ತೇವೆ. ಬರೆದು, ಗಾಜಿನ ಶೀಶೆಗೆ ಹಾಕಿ, ಬಾಯಿಗೆ ಮೇಣ ಮೆತ್ತಿ, ನಿಮ್ಮ ಹಳೆಯ ಊರು ಮುಳುಗಿರುವ ಜಾಗದಲ್ಲಿ ನೀರಿಗೆ ಬಿಡುತ್ತೇವೆ. ತಲುಪುತ್ತದೋ ಇಲ್ಲವೋ ಯಾರೂ ಬಂದು ಹೇಳಿಲ್ಲ. ಹಿಂದೋಲೆ ಬರೆಯುವವರನ್ನು ಕಂಡು ಇಷ್ಟು ವರ್ಷ ನಕ್ಕವಳು ನಾನು. ಇವತ್ತು ಮಧ್ಯಾಹ್ನದ ಊಟ ಮುಗಿಸಿ ನಾನೇ ಹಲಗೆಯ ಮೇಲೆ ಕಾಲು ಚಾಚಿ ಬರೆಯಲು ಕೂತಿದ್ದೇನೆ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದಗಳು ಬಂದಾವು, ನಿಮ್ಮ ಶಬ್ದಗಳನ್ನು ನಾನು ತಪ್ಪಾಗಿ ಬಳಸಿದ್ದೂ ಇದ್ದೀತು. ಎರಡಕ್ಕೂ ಕ್ಷಮೆ ಇರಲಿ.

ವಿಷಯಕ್ಕೆ ಬರುತ್ತೇನೆ. ನಾಳೆ ಬೆಳಿಗ್ಗೆ ನಮ್ಮ ತೇಲುಕಟ್ಟೆಯಲ್ಲಿ, ಅಂದರೆ ಊರವರು ಸೇರಿ ನ್ಯಾಯ ಹೇಳುವ ದೊಡ್ಡ ತೆಪ್ಪದ ಮೇಲೆ, ನನ್ನ ಸೊಸೆ ದುಂಡವ್ವನ ವಿಚಾರಣೆ ಇದೆ. ಅವಳು ನಮ್ಮ ಮನೆಯಲ್ಲಿ ಉಳಿಯಬೇಕೋ, ತವರಿಗೆ ಹೋಗಬೇಕೋ ಎಂಬುದು ನಾನು ಹೇಳುವ ಒಂದು ಮಾತಿನ ಮೇಲೆ ನಿಂತಿದೆ. ಆ ಮಾತು ನನ್ನ ಬಾಯಿಗೆ ಬರುತ್ತಿಲ್ಲ. ನಾಚಿಕೆಯಾಗುತ್ತದೆ. ಈ ವಯಸ್ಸಿನ ಹೆಂಗಸಿಗೆ ಇಷ್ಟು ನಾಚಿಕೆ ಎಲ್ಲಿಂದ ಬಂತೆಂದು ನೀವು ಕೇಳಬಹುದು. ಅದು ತಿಳಿಯಬೇಕಾದರೆ ನಮ್ಮ ಊರಿನ ರೀತಿ ನಿಮಗೆ ಸ್ವಲ್ಪ ತಿಳಿಯಬೇಕು.

ನಮ್ಮ ಮನೆಗಳೆಲ್ಲ ಡ್ರಮ್ಮು ಮತ್ತು ಬಿದಿರಿನ ಮೇಲೆ ತೇಲುತ್ತವೆ. ಒಂದು ಸಾಲು ಮನೆಗಳನ್ನು ಹಗ್ಗದಿಂದ ಬಿಗಿದರೆ ಅದು ಒಂದು ತೇಲೋಣಿ. ಮನೆಯ ಮುಂದೆ ಅಂಗಳದ ಬದಲು ಹಲಗೆ, ಹಲಗೆಯ ಅಂಚಿಗೆ ದೋಣಿ. ಜೊಂಡಿನ ಚಾಪೆಗಳ ಮೇಲೆ ಮಣ್ಣು ಹರವಿ ಜೋಳ ಬೆಳೆಯುತ್ತೇವೆ, ಅದಕ್ಕೆ ತೇಲುಹೊಲವೆಂದು ಹೆಸರು. ರೊಟ್ಟಿ ಬಡಿಯುವ ಸದ್ದು ನಿಮ್ಮ ಕಾಲದ್ದೇ ಇರಬೇಕು, ನಮ್ಮಲ್ಲಿ ಮಾತ್ರ ಒಂದೊಂದು ಬಡಿತಕ್ಕೂ ಮನೆ ಸ್ವಲ್ಪ ತೂಗುತ್ತದೆ. ತಾವರೆ ದಂಟಿನ ಪಲ್ಯ ದಿನಾ ಇದ್ದದ್ದೇ. ಶೇಂಗಾ ಬರಬೇಕಾದರೆ ಒಣಸೀಮೆಯಿಂದ, ಅಂದರೆ ನೀರು ಏರದ ಮೇಲುನಾಡಿನಿಂದ ಬರಬೇಕು. ದುಂಡವ್ವ ಒಣಸೀಮೆಯ ಹುಡುಗಿ. ಅವಳು ಬಂದ ಮೇಲೆ ನಮ್ಮ ಮನೆಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಗೆ ಬರವಿಲ್ಲ, ತವರಿನವರು ಚೀಲ ತುಂಬಿ ಕಳಿಸುತ್ತಾರೆ. ಬೇರೆ ಯಾವ ವಿಷಯಕ್ಕೂ ನಾನು ಅವಳನ್ನು ಹೊಗಳಿದ್ದಿಲ್ಲ. ಅವಳಿಗೆ ಈಜು ಬರುವುದಿಲ್ಲ. ಎರಡು ವರ್ಷವಾದರೂ ಹಲಗೆಯ ಮೇಲೆ ಗೋಡೆ ಹಿಡಿದು ನಡೆಯುತ್ತಾಳೆ. ಮಾತು ಜೋರು. ಎದುರಿಗಿನವರ ಮುಖ ದಿಟ್ಟಿಸಿ ನೋಡುತ್ತಾಳೆ.

ಆ ದಿಟ್ಟಿಸುವುದೇ ನಮ್ಮಲ್ಲಿ ದೊಡ್ಡ ತಪ್ಪು. ನೀರು ಮೊದಲು ಏರಿದಾಗ ನಮ್ಮ ಹಿರಿಯರು ಹೊಲದಲ್ಲಿ ದುಡಿದವರು, ಈಜು ಬಲ್ಲವರು ಕಡಿಮೆ. ಹಲಗೆಯಿಂದ ಹಲಗೆಗೆ ಕಾಲಿಡುವಾಗ ದಿನಕ್ಕೊಬ್ಬರು ನೀರಿಗೆ ಬೀಳುತ್ತಿದ್ದರಂತೆ. ಬಿದ್ದವರನ್ನು ಎತ್ತಿಕೊಂಡ ಮೇಲೆ ಓಣಿಯೆಲ್ಲ ಹೊಟ್ಟೆ ಹಿಡಿದು ನಗುವುದು ವಾಡಿಕೆಯಾಯಿತು. ನಗೆಗೆ ಹೆದರಿ ಎಷ್ಟೋ ಜನ ಮನೆಯಿಂದ ಹೊರಬರುವುದನ್ನೇ ಬಿಟ್ಟರು. ಆಗ ಯಾರೋ ಒಬ್ಬ ಹಿರಿಯಳು, ಇನ್ನು ಮುಂದೆ ಬಿದ್ದವರನ್ನು ಯಾರೂ ನೋಡಬಾರದು, ಆ ಮಾತು ಎತ್ತಬಾರದು ಎಂದು ಕಟ್ಟು ಮಾಡಿದಳು. ಅದು ಮರುಕದಿಂದ ಹುಟ್ಟಿದ ಕಟ್ಟು, ಅವಳನ್ನು ನಾನು ಬಯ್ಯಲಾರೆ. ಆದರೆ ಮರುಕ ಹೋಗಿ ಕಟ್ಟು ಉಳಿಯಿತು. ಈಗ ಅದಕ್ಕೆ ಕಣ್ಮರ್ಯಾದೆ ಎನ್ನುತ್ತೇವೆ. ಏಳು ವರ್ಷದವರೆಗೆ ಮಕ್ಕಳನ್ನು ನಾವು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ. ಅಂಬೆಗಾಲಿಡುವ ಕೂಸಿನ ಉಡಿದಾರಕ್ಕೆ ಹಗ್ಗ ಕಟ್ಟಿ ಕಂಬಕ್ಕೆ ಬಿಗಿಯುತ್ತೇವೆ. ಏಳು ತುಂಬಿದ ದಿನ ಮಗುವನ್ನು ನೀರಿಗೆ ಇಳಿಸಿ, ನೀರಿನ ತಳದಲ್ಲಿ ಬಿಗಿದ ಹಗ್ಗ ಮುಟ್ಟಿ ಬರುವಂತೆ ಮಾಡಿ, ಹೋಳಿಗೆ ಉಣ್ಣಿಸುತ್ತೇವೆ. ಆಮೇಲೆ ಆ ಮಗು ನೀರಿನಲ್ಲಿರುವಾಗ ನೋಡುತ್ತ ನಿಲ್ಲುವುದು ಅವಮಾನ. ಯಾರಾದರೂ ಬಿದ್ದರೆ ಮುಖ ತಿರುಗಿಸಬೇಕು. ಹತ್ತಿರವಿದ್ದರೆ ಬೆನ್ನ ಹಿಂದಿನಿಂದ ಒಂದು ಬಿದಿರ ಗಳ ಚಾಚಬಹುದು. ಮೇಲೆ ಬಂದವರಿಗೆ ನೆಲ ನೋಡುತ್ತ ಒಣಬಟ್ಟೆ ಕೊಡಬೇಕು. ಅವರು ಅದನ್ನು ಉಟ್ಟು, ತಮ್ಮ ಕಾಲ ಮೇಲೆ, ಯಾರ ಹೆಗಲೂ ಹಿಡಿಯದೆ ಮನೆಗೆ ನಡೆಯಬೇಕು. ಅದು ಒಣನಡಿಗೆ. ನಡೆದು ಹೋದರೆ ಏನೂ ಆಗಿಲ್ಲವೆಂದು ಅರ್ಥ. ನಡೆಯಲಾರದವರಿಗೆ ನೀರುಂಡವರು ಎಂಬ ಹೆಸರು ಅಂಟುತ್ತದೆ, ಅಂಥವರ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ.

ನಾನು ಈ ಊರಿನ ಈಜು ಕಲಿಸುವ ಅಕ್ಕೋರು. ನಮ್ಮ ಓಣಿಯಲ್ಲಿ ನನ್ನ ಕೈಯಿಂದ ನೀರಿಗಿಳಿಯದವರು ಇಲ್ಲವೆಂದರೆ ನಡೆಯುತ್ತದೆ. ನನ್ನ ಶಿಷ್ಯರಲ್ಲಿ ಒಬ್ಬರೂ ಮುಳುಗಿ ಸತ್ತಿಲ್ಲವೆಂದು ಹೇಳಿಕೊಂಡು ಮೆರೆದವಳು. ಹಾಗೆ ಹೇಳುವಾಗ ನನ್ನ ಗತ್ತು ನೋಡಬೇಕಿತ್ತು ನೀವು, ಮೂಗಿನ ನತ್ತು ಮಿನುಗುವಂತೆ ತಲೆ ಎತ್ತುತ್ತಿದ್ದೆ.

ಹೋದ ತಿಂಗಳು ಒಂದು ಬೆಳಿಗ್ಗೆ, ದೊಡ್ಡ ಹುಡುಗಿಯರಿಗೆ ಉಸಿರು ಹಿಡಿಯುವ ಪಾಠ ಇತ್ತು. ನೀರಿಗಿಳಿಯುವ ಮೊದಲು ಜೋರಾಗಿ, ಬೇಗಬೇಗ, ತಲೆ ಹಗುರಾಗುವವರೆಗೆ ಉಸಿರಾಡಬೇಕು, ಆಗ ಒಳಗೆ ಉಸಿರು ಹೆಚ್ಚು ನಿಲ್ಲುತ್ತದೆ ಎಂದು ನನಗೆ ಕಲಿಸಿದವರು ಹೇಳಿದ್ದರು, ನಾನೂ ಅದನ್ನೇ ಕಲಿಸುತ್ತ ಬಂದಿದ್ದೆ. ಹುಡುಗಿಯರಲ್ಲಿ ಒಬ್ಬಳು ನನ್ನ ವಯಸ್ಸಿನ ಬಗ್ಗೆ ಪಕ್ಕದವಳ ಕಿವಿಯಲ್ಲಿ ಏನೋ ಅಂದು ಕಿಸಕ್ಕನೆ ನಕ್ಕಳು. ನನಗೆ ರೋಷ ಬಂತು. ಹಾಗಾದರೆ ನೋಡಿ ಎಂದು ಭುಸುಭುಸು ಉಸಿರೆಳೆದು ಇಳಿದೆ. ತಳದ ಹಗ್ಗ ಮುಟ್ಟಿದ್ದು ನೆನಪಿದೆ. ಉಸಿರು ಬೇಕೆಂದು ಅನ್ನಿಸಲೇ ಇಲ್ಲ, ಆರಾಮವಾಗಿತ್ತು. ಇನ್ನೂ ಸ್ವಲ್ಪ ಇರೋಣ ಅಂದುಕೊಂಡೆ. ಅಲ್ಲಿಂದ ಮುಂದೆ ನನಗೆ ಏನೂ ನೆನಪಿಲ್ಲ.

ಮುಂದಿನದನ್ನು ದುಂಡವ್ವನ ಬಾಯಿಂದ ಕೇಳಿದ್ದೇನೆ. ಅವಳು ನನಗೆ ನಾಷ್ಟಾ ತಂದಿದ್ದಳು. ಬಂದು ನೋಡಿದರೆ ಹುಡುಗಿಯರೆಲ್ಲ ಸಾಲಾಗಿ ನೀರಿಗೆ ಬೆನ್ನು ಮಾಡಿ ಗೋಡೆ ನೋಡುತ್ತ ನಿಂತಿದ್ದಾರೆ. ಅಕ್ಕೋರು ಏಳುವುದು ತಡವಾಯಿತು, ಅಕ್ಕೋರಿಗೆ ಮುಜುಗರವಾಗಬಾರದು ಎಂದು ಮುಖ ತಿರುಗಿಸಿದ್ದರು. ಒಳ್ಳೆಯ ಮನೆತನದ ಹುಡುಗಿಯರು, ಕಲಿಸಿದವಳು ನಾನೇ. ದುಂಡವ್ವ ನೀರಿನೊಳಗೆ ಇಣುಕಿದಳಂತೆ. ನನ್ನ ಸೆರಗು ತೇಲುತ್ತಿತ್ತು, ಕೈ ಅಲ್ಲಾಡುತ್ತಿರಲಿಲ್ಲ. "ಅಲ್ಲಿ ನಮ್ಮತ್ತಿ ಮುಳುಗ್ಯಾರ, ನೀವು ಗ್ವಾಡಿ ನೋಡಾಕತ್ತೀರೇನ?" ಎಂದು ಕಿರುಚಿದಳು. ತಾನು ಹಾರಲಿಲ್ಲ, ಅಷ್ಟು ಬುದ್ಧಿ ಅವಳಿಗಿತ್ತು. ದೋಣಿಯ ಕೊಕ್ಕೆಯ ಗಳವನ್ನು ಎಳೆದುಕೊಂಡು, ಹಲಗೆಯ ಮೇಲೆ ಬೋರಲು ಮಲಗಿ, ನನ್ನ ಸೊಂಟದ ಪಟ್ಟಿಗೆ ಸಿಕ್ಕಿಸಿ ಎಳೆದಳು. ಒಬ್ಬ ಹುಡುಗಿಯ ಜುಟ್ಟು ಹಿಡಿದು ತಿರುಗಿಸಿ, "ಹಿಡಿ, ಇಲ್ಲಂದ್ರ ನಿನ್ನೂ ನೀರಿಗೆ ನೂಕ್ತೀನಿ" ಎಂದಳಂತೆ. ಆಮೇಲೆ ಎಲ್ಲರೂ ಸೇರಿ ಎತ್ತಿದರು.

ಮೇಲೆ ಹಾಕಿದ ಮೇಲೆ ನಮ್ಮ ಹುಡುಗಿಯರು ನನ್ನ ಕಾಲು ಹಿಡಿದು ತಲೆಕೆಳಗಾಗಿ ತೂಗಲು ಹೊರಟರು. ಹೊಟ್ಟೆ ಒತ್ತಿ ನೀರು ಕಕ್ಕಿಸಬೇಕೆಂದು ಇನ್ನೊಬ್ಬಳು. ಇದೂ ನಾನು ಕಲಿಸಿದ್ದೇ. ದುಂಡವ್ವ ಅವರನ್ನು ಸರಿಸಿ, ನನ್ನನ್ನು ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ಎಲ್ಲಿ ಕಲಿತೆ ಎಂದು ಆಮೇಲೆ ಕೇಳಿದೆ. "ಕಲಿಯೂದೇನ್ರಿ ಅತ್ತಿ, ತವರಾಗ ಆಡು ಈದಾಗ ಮರಿ ಉಸರಾಡಲಿಲ್ಲಂದ್ರ ನಮ್ಮವ್ವ ಹಿಂಗ ಊದತಾಳ" ಅಂದಳು. ಊರಿಗೆಲ್ಲ ಈಜು ಕಲಿಸಿದ ಫಕೀರವ್ವ ಅಕ್ಕೋರು ಆಡಿನ ಮರಿಯ ಹಾಗೆ ಎದ್ದು ಕೂತಳು. ಕೆಮ್ಮಿದೆ, ವಾಂತಿ ಮಾಡಿದೆ, ಕಣ್ಣು ಬಿಟ್ಟೆ. ಕಣ್ಣು ಬಿಟ್ಟಾಗ ಕಂಡದ್ದು ನನ್ನನ್ನೇ ನೋಡುತ್ತಿದ್ದ ಒಂದು ಮುಖ. ಮೊದಲು ಹುಟ್ಟಿದ ಭಾವನೆ ಕೃತಜ್ಞತೆ ಎಂದು ಬರೆಯಲು ಆಸೆ. ಆದರೆ ಹುಟ್ಟಿದ್ದು ಸಿಟ್ಟು.

ನಾನು ಒಣನಡಿಗೆ ಮಾಡಿದೆ. ಒಣಬಟ್ಟೆ ಉಟ್ಟು, ಬೆನ್ನು ಸೆಟೆದು, ಓಣಿಯ ಉದ್ದಕ್ಕೂ ನಡೆದೆ. ನೆರೆಹೊರೆಯವರು ಎಂದಿನಂತೆ ಮಾತನಾಡಿಸಿದರು, ಒಬ್ಬಳು ಹೆಪ್ಪಿಗೆ ಮೊಸರು ಕೇಳಿದಳು. ಮನೆಗೆ ಬಂದು ಮಧ್ಯಾಹ್ನದ ಅಡುಗೆಗೆ ಕೈಹಾಕಿದೆ. ಎದೆಯಲ್ಲಿ ಏನೋ ಬಿಗಿದಂತೆ ಇತ್ತು, ಕೆಮ್ಮು ನಿಲ್ಲಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಮೆಟ್ಟಿಲೇರಿದವಳಂತೆ ಏದುಸಿರು, ಕೂತಲ್ಲೇ ತೂಕಡಿಕೆ. ಮಗ ಅಡಿವೆಪ್ಪನನ್ನು ತೀರಿಹೋದ ಅವನ ಅಪ್ಪನ ಹೆಸರು ಹಿಡಿದು ಕರೆದೆನಂತೆ. ದುಂಡವ್ವ ನನ್ನ ಎದುರು ಕುಕ್ಕರಗಾಲಲ್ಲಿ ಕೂತು, "ಅತ್ತಿ, ನಿಮ್ಮ ತುಟಿ ನೀಲಿ ಆಗ್ಯಾವ. ಉಸಿರುಮನಿಗೆ ಹೋಗೂಣು ನಡೀರಿ" ಅಂದಳು. ಉಸಿರುಮನೆ ಎಂದರೆ ನಮ್ಮ ಆಸ್ಪತ್ರೆ, ಓಣಿಗಳ ಆ ತುದಿಯಲ್ಲಿದೆ. ನಾನು "ನನಗೇನೂ ಆಗಿಲ್ಲ, ನೆಗಡಿ" ಅಂದೆ. ಅವಳು ಗಂಡನ ಕಡೆ ತಿರುಗಿದಳು. ನನ್ನ ಮಗ ಗೋಡೆ ನೋಡುತ್ತ ಕೂತಿದ್ದ. ತಾಯಿಯ ಮರ್ಯಾದೆ ಕಾಯುತ್ತಿದ್ದ ಪಾಪ, ಕಣ್ಣಲ್ಲಿ ನೀರು ತುಂಬಿಕೊಂಡು ಕಾಯುತ್ತಿದ್ದ.

ಆಗ ಅವಳು ಎದ್ದು ಊಟದ ತಾಟು ಮತ್ತು ಸೌಟು ತೆಗೆದುಕೊಂಡು ಹಲಗೆಯ ಅಂಚಿಗೆ ಹೋದಳು. ಗೋಡೆ ಹಿಡಿಯದೆ ಹೋದದ್ದು ಅದೇ ಮೊದಲು. ತಾಟು ಬಡಿಯುತ್ತ, ಓಣಿಗೆಲ್ಲ ಕೇಳುವಂತೆ, "ನಮ್ಮತ್ತಿ ಮುಂಜಾನೆ ಮುಳುಗಿದ್ರು. ನೀರು ಕುಡದಾರ. ಈಗ ಉಸರು ಹತ್ತವಲ್ದು. ಯಾರರ ದೋಣಿ ಬಿಡ್ರಿ" ಎಂದು ಕೂಗಿದಳು. ಅಯ್ಯೋ, ಆ ಕ್ಷಣದಲ್ಲಿ ನಾನು ಬೆಳಿಗ್ಗೆಯೇ ಸತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಮಗ ಕೊನೆಗೆ ಎದ್ದ. ನನ್ನನ್ನು ಎತ್ತಿ ನಮ್ಮ ದೋಣಿಯಲ್ಲೇ ಕೂರಿಸಿದ, ಹುಟ್ಟು ಹಾಕಿದ. ನಾವು ಸಾಗಿದಂತೆ ಎರಡೂ ಕಡೆಯ ಮನೆಗಳ ಕಿಟಕಿಗಳು ಒಂದೊಂದಾಗಿ ಮುಚ್ಚಿದವು. ಯಾರೂ ಕೆಟ್ಟವರಲ್ಲ. ಅವರು ನನಗೆ ಗೌರವ ಕೊಡುತ್ತಿದ್ದರು. ಸಂಜೆಯ ಬಿಸಿಲಿನಲ್ಲಿ, ಮುಚ್ಚಿದ ಕಿಟಕಿಗಳ ನಡುವೆ, ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಹೋದೆ. ಅವಳು ದಾರಿಯುದ್ದಕ್ಕೂ ನನ್ನ ಮುಖ ನೋಡುತ್ತ, ಕಣ್ಣು ಮುಚ್ಚಿದಾಗಲೆಲ್ಲ ಕೆನ್ನೆ ತಟ್ಟುತ್ತಿದ್ದಳು.

ಉಸಿರುಮನೆಯಲ್ಲಿ ಡಾಕ್ಟರ್ ಜೈತುನಬಿ ಮೂಗಿಗೆ ಪ್ರಾಣವಾಯು ಹಚ್ಚಿ, ಕಂಬಳಿ ಹೊದಿಸಿ, ನನ್ನನ್ನು ಹಾಸಿಗೆಗೆ ಕಟ್ಟಿಹಾಕಿದಂತೆ ಮಲಗಿಸಿದಳು. ಅವಳೂ ನನ್ನ ಹಳೆಯ ಶಿಷ್ಯೆ. ನಾನು ಅವಳಿಗೂ ನೆಗಡಿ ಎಂದೇ ಹೇಳಿದೆ. ಅವಳು ಮುಖ ತಿರುಗಿಸಲಿಲ್ಲ. ಉಸಿರು ಸುಧಾರಿಸಿದ ಮೇಲೆ ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಹೇಳಿದಳು: "ಅಕ್ಕೋರ, ನಿಮ್ಮ ಶಿಷ್ಯರಾಗ ಮುಳುಗಿ ಸತ್ತವರು ಯಾರೂ ಇಲ್ಲ ಅಂತ ಹೇಳ್ತೀರಲ್ಲ, ಖರೇ ಐತಿ. ನೀರಿನ್ಯಾಗ ಸತ್ತವರು ಯಾರೂ ಇಲ್ಲ. ಮನಿಗೆ ನಡಕೊಂಡು ಬಂದು, ಮರುದಿನ ಜ್ವರ ಬಂದು ಸತ್ರು ಅಂತಾರಲ್ಲ, ಅವರನ್ನ ಲೆಕ್ಕ ಹಿಡೀರಿ." ನನಗೆ ದೋಣಿಯ ಹುಟ್ಟು ಮಾಡುವ ಕಲ್ಲಪ್ಪ ನೆನಪಾದ. ಒದ್ದೆ ತಲೆಯಲ್ಲಿ ಬಂದು ನಮ್ಮ ಹಲಗೆಯ ಮೇಲೆ ಕೂತು, ಕೆಮ್ಮುತ್ತ ಎರಡು ರೊಟ್ಟಿ ತಿಂದು ಹೋಗಿದ್ದ. ಮಾರನೆಯ ದಿನ ಜ್ವರದಿಂದ ಹೋದನೆಂದು ಅತ್ತೆವು. ಹೀಗೆ ಹೋದ ಇನ್ನೂ ಕೆಲವರು ನೆನಪಾದರು, ಅವರಲ್ಲಿ ನನ್ನ ಶಿಷ್ಯರೂ ಇದ್ದರು. ಆ ದಿನ ನಾನು ಊಟ ಮಾಡಲಿಲ್ಲ.

ಜೈತುನಬಿ ಹೇಳಿಕೊಟ್ಟದ್ದನ್ನು ನಿಮಗೂ ಬರೆಯುತ್ತೇನೆ. ನಿಮ್ಮಲ್ಲಿ ತಿಳಿದವರು ಬೇಕಾದಷ್ಟು ಜನ ಇದ್ದಿರಬೇಕು, ಆದರೆ ನಿಮ್ಮ ಕಾಲದ ಕತೆಗಳನ್ನು ಕೇಳಿದರೆ ತಿಳಿಯದವರೂ ಇದ್ದರೆಂದು ಕಾಣುತ್ತದೆ. ಮುಳುಗುವವರು ಕೂಗುತ್ತಾರೆ, ಕೂಗಿದಾಗ ನೋಡಿದರಾಯಿತು ಎಂದು ನಾವು ಸಮಾಧಾನ ಮಾಡಿಕೊಂಡಿದ್ದೆವು. ಅವರು ಕೂಗುವುದಿಲ್ಲ. ಬಾಯಿ ನೀರಿನ ಮೇಲೆ ಬಂದ ಅರೆಗಳಿಗೆ ಉಸಿರೆಳೆಯಲಿಕ್ಕೇ ಸಾಲದು, ಕೂಗುವುದೆಲ್ಲಿಂದ ಬಂತು. ಕೈ ಬೀಸುವುದಿಲ್ಲ, ನೀರನ್ನು ಕೆಳಗೆ ಒತ್ತುತ್ತಿರುತ್ತಾರೆ. ನೆಟ್ಟಗೆ ನಿಂತಂತೆ, ತಲೆ ಹಿಂದಕ್ಕೆ ವಾಲಿ, ಆಟವಾಡುವವರಂತೆ ಕಾಣುತ್ತಾರೆ. ಆಡುತ್ತಿದ್ದ ಮಕ್ಕಳು ಒಮ್ಮೆಲೇ ಸುಮ್ಮನಾದರೆ ಎದ್ದು ಓಡಬೇಕು. ಬೇಗಬೇಗ ಉಸಿರಾಡಿ ಮುಳುಗುವುದು ಉಸಿರನ್ನು ಕೂಡಿಡುವುದಿಲ್ಲ, ಉಸಿರು ಬೇಕೆಂದು ಬಡಿಯುವ ಗಂಟೆಗೆ ಬಟ್ಟೆ ಸುತ್ತಿದ ಹಾಗೆ, ಅಷ್ಟೆ. ಎಚ್ಚರ ತಪ್ಪುವುದು ನಮಗೇ ತಿಳಿಯುವುದಿಲ್ಲ. ಇದನ್ನು ನಾನು ಎಷ್ಟು ಮಕ್ಕಳಿಗೆ ಕಲಿಸಿದೆನೋ, ಎಣಿಸಲು ಧೈರ್ಯವಿಲ್ಲ.

ಮುಳುಗುವವರನ್ನು ಕಂಡರೆ ಹಿಂದೆಯೇ ಹಾರಬೇಡಿ. ಅವರು ಕೈಗೆ ಸಿಕ್ಕವರನ್ನು ತಬ್ಬಿ ಒಳಗೆಳೆಯುತ್ತಾರೆ, ಒಬ್ಬರ ಬದಲು ಇಬ್ಬರು ಹೋಗುತ್ತಾರೆ. ಗಳ, ಹಗ್ಗ, ಸೀರೆ, ಖಾಲಿ ಕೊಡ, ಕೈಗೆ ಸಿಕ್ಕಿದ್ದನ್ನು ಎಸೆಯಿರಿ, ಕೂಗಿ ಜನ ಸೇರಿಸಿ. ಮೇಲೆ ಎತ್ತಿದ ಮೇಲೆ ತಲೆಕೆಳಗೆ ತೂಗುವುದು, ಹೊಟ್ಟೆ ಒತ್ತುವುದು ಬೇಡ. ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಜೀವ ಮರಳುತ್ತದೆಂದು ನಿಮ್ಮಲ್ಲಿ ಕೆಲವರು ನಂಬಿ ಕಾಯುತ್ತ ಕೂತರೆಂದು ಕೇಳಿದ್ದೇನೆ. ಉಪ್ಪಿನಿಂದ ಏನೂ ಆಗುವುದಿಲ್ಲ, ಹೊತ್ತು ಹೋಗುತ್ತದೆ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಮೊದಲು ಐದು ಸಲ ಬಾಯಿಗೆ ಉಸಿರು ಊದಿ, ಎದೆ ಏರುತ್ತದೆಯೇ ನೋಡಿ. ಆಗಲೂ ಅಲುಗಾಟ, ಉಸಿರು ಕಾಣದಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ಗಟ್ಟಿಯಾಗಿ, ಬೇಗಬೇಗ ಮೂವತ್ತು ಸಲ ಒತ್ತಿ, ಮತ್ತೆ ಎರಡು ಸಲ ಊದಿ, ವೈದ್ಯರು ಬರುವವರೆಗೆ ಹಾಗೇ ನಡೆಸಿ. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ, ವಾಂತಿ ಗಂಟಲಿಗೆ ಇಳಿಯಬಾರದು. ಒದ್ದೆ ಬಟ್ಟೆ ತೆಗೆದು ಬೆಚ್ಚಗಿಡಿ. ಎದ್ದು ಕೂತು ನಕ್ಕು ಮಾತನಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ನೀರು ಹೊಕ್ಕ ಶ್ವಾಸಕೋಶ ಗಂಟೆಗಳ ನಂತರ ಕೈಕೊಡುತ್ತದೆ. ಕೆಮ್ಮು, ಏದುಸಿರು, ಮಂಪರು, ತಪ್ಪು ಮಾತು, ಇವು ನನಗೆ ಬಂದ ಹಾಗೆ ಯಾರಿಗೂ ಬರಬಹುದು.

ನಿಮ್ಮ ಕೃಷಿ ಹೊಂಡಗಳ ಕಪ್ಪು ಪ್ಲಾಸ್ಟಿಕ್ ಹಾಳೆ ಇನ್ನೂ ಕರಗಿಲ್ಲ. ಬಲೆ ಬೀಸುವವರಿಗೆ ತಳದಿಂದ ಆಗಾಗ ಸಿಗುತ್ತದೆ. ಕೈಯಲ್ಲಿ ಹಿಡಿದರೆ ಇವತ್ತಿಗೂ ಜಾರುತ್ತದೆ. ಅಂಥ ಇಳಿಜಾರಿನಲ್ಲಿ ಬಿದ್ದ ಮಗು ಹತ್ತುವುದಾದರೂ ಹೇಗೆ? ಹೊಂಡದ ಸುತ್ತ ಬೇಲಿ ಹಾಕಿ, ದಡದಲ್ಲಿ ಒಂದು ಗಟ್ಟಿ ಗೂಟ ನೆಟ್ಟು ಗಂಟು ಗಂಟಾಗಿ ಹಗ್ಗ ಇಳಿಬಿಡಿ. ಮನೆಯ ಸಂಪಿನ ಮುಚ್ಚಳ ಮುಚ್ಚಿ. ನೀರು ತುಂಬಿದ ಬಕೆಟ್ಟಿನ ಹತ್ತಿರ ಕೂಸನ್ನು ಬಿಟ್ಟು ಒಲೆಯ ಕಡೆ ಹೋಗಬೇಡಿ. ಮೂರ್ಛೆ ರೋಗ ಇರುವವರನ್ನು ಒಬ್ಬರೇ ಕೆರೆಗೆ ಕಳಿಸಬೇಡಿ, ಕುಡಿದವರನ್ನು ನೀರಿಗೇ ಇಳಿಸಬೇಡಿ. ಹಿನ್ನೀರಿನ ದಡದಲ್ಲಿ ಫೋಟೋ ತೆಗೆಯುವಾಗ ನಿಮ್ಮ ಕಣ್ಣು ಫೋಟೋದ ಮೇಲಿರುತ್ತದೆ, ಪಕ್ಕದವನ ಮೇಲಿರುವುದಿಲ್ಲ. ನಾವು ಮರ್ಯಾದೆಗೆ ನೋಡಲಿಲ್ಲ, ನೀವು ಬೇರೆ ಏನನ್ನೋ ನೋಡುತ್ತ ನೋಡಲಿಲ್ಲ. ಈ ಮಾತು ಬಿರುಸಾಯಿತು. ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲವೆಂಬುದು ನನಗೂ ಗೊತ್ತು, ಆದರೂ ಹೇಳದೆ ಇರಲಾರೆ.

ಈಗ ನಾಳೆಯ ಮಾತು. ನಾನು ಮನೆಗೆ ಬಂದ ಮರುದಿನವೇ ಕಟ್ಟೆಯ ಹಿರಿಯ ಲಕ್ಕಪ್ಪನವರು ಬಂದರು. ಗೋಡೆಯ ಕಡೆ ಮುಖ ಮಾಡಿ ಕೂತು ಚಹಾ ಕುಡಿದರು. ದುಂಡವ್ವ ಕಣ್ಮರ್ಯಾದೆ ಮುರಿದಿದ್ದಾಳೆ, ಅತ್ತೆಯನ್ನು ಓಣಿಯೆದುರು ನೀರುಂಡವಳೆಂದು ಸಾರಿದ್ದಾಳೆ, ಶಿಕ್ಷೆ ಎಂದರೆ ಸಂಬಂಧ ಮುರಿದು ತವರಿಗೆ ಕಳಿಸುವುದು ಎಂದರು. ಅದರಿಂದ ತಪ್ಪಿಸುವ ದಾರಿ ಒಂದೇ. ಮುಳುಗಿದವರು ತಾವಾಗಿಯೇ ಕಟ್ಟೆಯ ಮೇಲೆ ನಿಂತು, ಹೌದು, ಮುಳುಗಿದ್ದೆ ಎಂದು ಒಪ್ಪಿದರೆ ನೋಡಿದವರ ಮೇಲೆ ತಪ್ಪಿಲ್ಲ. ಹಾಗೆ ಒಪ್ಪಿದವರು ಇದುವರೆಗೆ ಯಾರೂ ಇಲ್ಲ. ಒಪ್ಪಿದರೆ ಅಕ್ಕೋರ ಕೆಲಸ ಹೋಗುತ್ತದೆ, ನೀರುಂಡವಳ ಕೈಗೆ ಮಕ್ಕಳನ್ನು ಯಾರು ಕೊಡುತ್ತಾರೆ. ಲಕ್ಕಪ್ಪನವರು ಸಣ್ಣ ದನಿಯಲ್ಲಿ, "ಜ್ವರ ಬಂದಿತ್ತು ಅಂತ ಅಂದ್ಬಿಡ್ರಿ ಅಕ್ಕೋರ, ಅಷ್ಟ ಸಾಕು. ಒಣಸೀಮಿ ಹುಡುಗಿ, ತಿಳೀದ ಮಾಡ್ಯಾಳ ಅಂತ ಮೆಲ್ಲಕ ಕಳಸೂಣು. ನಿಮ್ಮ ಮರ್ಯಾದಿ ಉಳೀತೈತಿ" ಎಂದರು. ಅವರ ಬಟ್ಟಲಿಗೆ ಇನ್ನಷ್ಟು ಚಹಾ ಹಾಕಿದೆ.

ಅವರು ಹೋದ ಮೇಲೆ ದುಂಡವ್ವ ಬಟ್ಟಲು ತೊಳೆಯುತ್ತ, "ಅತ್ತಿ, ಕಳಿಸಿದ್ರ ಹೋಗ್ತೀನಿ, ಕೈಕಾಲ ಗಟ್ಟಿ ಅದಾವ. ಆದ್ರ ಇನ್ನೊಮ್ಮಿ ನೀವು ಬಿದ್ರ ನಿಮ್ಮನ್ನ ನೋಡವರು ಯಾರು?" ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಚಿಂತೆಯಿತ್ತು. ಅವಳು ಹೋದರೆ ಅಡಿವೆಪ್ಪನೂ ಒಣಸೀಮೆಗೆ ಹೋಗುತ್ತಾನೆಂದು ನನಗೆ ಅನ್ನಿಸುತ್ತದೆ, ಹೋಗಲೂಬೇಕು. ನನಗೆ ಅವಳನ್ನು ಕಳೆದುಕೊಳ್ಳುವುದು ಬೇಡ. ಇಷ್ಟು ಸಣ್ಣ ವಾಕ್ಯ ಬರೆಯಲು ಇಷ್ಟು ಉದ್ದ ಬರೆಯಬೇಕಾಯಿತು. ಜೀವ ಉಳಿಸಿದವಳನ್ನು ಬಿಟ್ಟುಕೊಟ್ಟು ಗತ್ತು ಉಳಿಸಿಕೊಳ್ಳಲು ಮನಸ್ಸು ಇನ್ನೂ ಹೊಯ್ದಾಡುತ್ತಿದೆಯಲ್ಲ, ನನಗೆ ನಾಚಿಕೆಯಾಗುವುದು ಅದಕ್ಕೆ. ಮುಳುಗಿದ್ದಕ್ಕಲ್ಲ.

ಹಿರಿಯರೇ, ನಿಮ್ಮಲ್ಲಿ ಒಂದು ಬೇಡಿಕೆ. ನಾಳೆ ನಾನು ಕಟ್ಟೆಯ ಮೇಲೆ ನಿಂತಾಗ ಊರೆಲ್ಲ ಗೌರವದಿಂದ ಮುಖ ತಿರುಗಿಸುತ್ತದೆ, ಬೆನ್ನುಗಳಿಗೆ ಮಾತನಾಡಬೇಕಾಗುತ್ತದೆ. ಮುಖ ತಿರುಗಿಸದವರ ಮುಂದೆ ಒಮ್ಮೆಯಾದರೂ ಹೇಳಿ ನೋಡಬೇಕು. ನೀವು ಸತ್ತು ಎಷ್ಟೋ ಕಾಲವಾಯಿತು, ನಮ್ಮ ಕಟ್ಟು ನಿಮಗೆ ಅನ್ವಯಿಸುವುದಿಲ್ಲ. ದಯವಿಟ್ಟು ಈ ಕಡೆ ನೋಡಿ. ನಾಳೆ ಊರಿಗೆ ಹೇಳಬೇಕಾದ್ದನ್ನು ಇಲ್ಲಿ ಬರೆದು ಗಟ್ಟಿಯಾಗಿ ಓದುತ್ತೇನೆ.

"ನಾನು ಫಕೀರವ್ವ ತೆಪ್ಪದ. ನಾ ಮುಳುಗಿದ್ದೆ. ನೀವೆಲ್ಲಾರೂ ಮುಖ ತಿರುವಿದ್ರಿ. ನನ್ನ ಸೊಸಿ ಒಬ್ಬಾಕಿ ನೋಡಿದಳು."

ಓದಿದೆ. ಅಡುಗೆಮನೆಯಲ್ಲಿ ರಾತ್ರಿಯ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಒಳಗಿನಿಂದ ದುಂಡವ್ವನ ದನಿ ಬಂತು.

"ಇನ್ನ ಸ್ವಲ್ಪ ಜೋರ ಹೇಳ್ರಿ ಅತ್ತಿ. ಹಿಂದ ಕುಂತವರಿಗೆ ಕೇಳಸೂದಿಲ್ಲ."